ತ್ಯಾಜ್ಯ ಅನಿಲದಿಂದ ಜಲಜನಕ: ಬ್ಯಾಕ್ಟೀರಿಯಾಗಳ ಕೆಲಸ, ಪಂಚಾಯಿತಿಯ ವಿವೇಚನೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಜಲಜನಕವೆಂಬ ಹೆಸರು ಈಚಿನ ವರ್ಷಗಳಲ್ಲಿ ಸರ್ಕಾರಿ ಆದೇಶಗಳಲ್ಲಿಯೂ ಉದ್ಯಮಿಗಳ ಪ್ರಸ್ತಾವನೆಗಳಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಕೇಂದ್ರ ಸಚಿವ ಸಂಪುಟವು 2023ರ ಜನವರಿ 4ರಂದು 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಜಲಜನಕ ಅಭಿಯಾನಕ್ಕೆ ಒಪ್ಪಿಗೆ ನೀಡಿತು. 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಜಲಜನಕವನ್ನು ತಯಾರಿಸುವ ಸಾಮರ್ಥ್ಯ ಗಳಿಸುವುದು ಅದರ ಗುರಿ. ಇಂತಹ ಗುರಿಗಳು ಕಾಗದದಿಂದ ನೆಲಕ್ಕೆ ಇಳಿಯುವಾಗ ಅವುಗಳಿಗೆ ಜಾಗ ಬೇಕಾಗುತ್ತದೆ, ನೀರು ಬೇಕಾಗುತ್ತದೆ, ನೆರೆಯ ಜನರ ಸಮ್ಮತಿ ಬೇಕಾಗುತ್ತದೆ. ಈ ಮೂರೂ ಬಹುಪಾಲು ದೊರೆಯುವುದು ಗ್ರಾಮಗಳಲ್ಲಿಯೇ. ಆದುದರಿಂದ ವಿಷಯದ ಒಳಹೊರಗನ್ನು ಪಂಚಾಯಿತಿ ಸದಸ್ಯರು ಮೊದಲೇ ಅರಿತಿರುವುದು ಒಳಿತು.

ಇಂದಿನ ವಿಷಯ, ಕಾರ್ಖಾನೆಗಳ ತ್ಯಾಜ್ಯ ಅನಿಲವನ್ನು ಬ್ಯಾಕ್ಟೀರಿಯಾಗಳಿಗೆ ಉಣಿಸಿ ಜಲಜನಕ ಪಡೆಯುವ ವಿಧಾನ. ಇದರ ಬಗ್ಗೆ ಮುಖ್ಯವಾಗಿ ಹೇಳಬೇಕಾದುದು ಎರಡು ಮಾತು. ಈ ವಿಧಾನದ ಹಿಂದೆ ಗಟ್ಟಿಯಾದ ವಿಜ್ಞಾನವಿದೆ ಎಂಬುದು ಮೊದಲನೆಯದು. ಅದಕ್ಕೆ ತಕ್ಕ ಜಾಗ ದೊಡ್ಡ ಕುಲುಮೆಯ ಪಕ್ಕ. ಊರಿನ ಕಸಕ್ಕೂ ಸಗಣಿಗೂ ಒಪ್ಪುವ ದಾರಿ ಬೇರೆಯೇ ಇದೆ ಎಂಬುದು ಎರಡನೆಯದು. ಈ ಎರಡು ದಾರಿಗಳ ವ್ಯತ್ಯಾಸ ತಿಳಿಯದೆ ಕೈಗೊಂಡ ತೀರ್ಮಾನದಿಂದ ಗ್ರಾಮದ ಗೋಮಾಳವೂ ಕೊಳವೆಬಾವಿಯ ನೀರೂ ಕೈಬಿಡಬಹುದು. ಎಚ್ಚರ ತಪ್ಪಿದರೆ ಪ್ರಾಣಹಾನಿಯೂ ಆಗಬಹುದು.

ಯಾವ ಅನಿಲ, ಎಲ್ಲಿಯದು

ಕಲ್ಲಿದ್ದಲು, ಇದ್ದಿಲು, ಕಟ್ಟಿಗೆ ಮುಂತಾದವು ಗಾಳಿ ಸಾಲದೆ ಅರೆಬರೆಯಾಗಿ ಉರಿದಾಗ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಕೆಂಡವಿಟ್ಟು ಮಲಗಿದವರು ಬೆಳಗ್ಗೆ ಏಳದೆ ಹೋಗುವ ದುರಂತಕ್ಕೆ ಕಾರಣ ಇದೇ ಅನಿಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ.

ಈ ಅನಿಲ ಭಾರಿ ಪ್ರಮಾಣದಲ್ಲಿ ಹುಟ್ಟುವುದು ಉಕ್ಕಿನ ಕಾರ್ಖಾನೆಗಳಲ್ಲಿ. ಊದುಕುಲುಮೆಯಲ್ಲಿ ಒಂದು ಟನ್ ಕಬ್ಬಿಣ ಕರಗುವಾಗ 1,500 ಘನ ಮೀಟರುಗಳಷ್ಟು ಅಥವಾ ಅದಕ್ಕೂ ಹೆಚ್ಚು ಅನಿಲ ಹೊರಬರುತ್ತದೆ. ಅದರಲ್ಲಿ ಶೇಕಡ 20ರಿಂದ 25ರಷ್ಟು ಇಂಗಾಲದ ಮಾನಾಕ್ಸೈಡ್, ಸುಮಾರು ಅರ್ಧದಷ್ಟು ಸಾರಜನಕ, ಉಳಿದುದರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್ ಇರುತ್ತವೆ. ಕಬ್ಬಿಣವನ್ನು ಉಕ್ಕಾಗಿಸುವ ಕನ್ವರ್ಟರಿನ ಅನಿಲ ಇನ್ನೂ ಸಾಂದ್ರ. ಅದರಲ್ಲಿ ಮಾನಾಕ್ಸೈಡಿನ ಪಾಲು ಅರ್ಧಕ್ಕಿಂತ ಹೆಚ್ಚು. ನಮ್ಮ ರಾಜ್ಯದಲ್ಲಿ ಇಂತಹ ಅನಿಲ ಹೇರಳವಾಗಿರುವ ಪ್ರಮುಖ ಸ್ಥಳ ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ತೋರಣಗಲ್ಲು. ಅಲ್ಲಿನ ಜಿಂದಾಲ್ ಉಕ್ಕು ಸ್ಥಾವರದ ಅನಿಲವು ಬಹುಕಾಲದಿಂದ ವಿದ್ಯುತ್ ಉತ್ಪಾದನೆಗೂ ಬಳಕೆಯಾಗುತ್ತಿದೆ.

ಎಲ್ಲ ಹೊಗೆಯೂ ಈ ಕೆಲಸಕ್ಕೆ ಬಾರದು ಎಂಬುದನ್ನು ಸದಸ್ಯರು ಗಮನಿಸಬೇಕು. ಇಟ್ಟಿಗೆ ಗೂಡಿನ ಹೊಗೆಯಲ್ಲಿ ಅಥವಾ ಸಕ್ಕರೆ ಕಾರ್ಖಾನೆಯ ಬಾಯ್ಲರಿನ ಹೊಗೆಯಲ್ಲಿ ಇರುವುದು ಹೆಚ್ಚಾಗಿ ಸಾರಜನಕ, ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ. ಕಲ್ಲಿದ್ದಲು ಬಳಸುವ ಸ್ಪಾಂಜ್ ಐರನ್ ಘಟಕಗಳಲ್ಲಿ ಗೂಡಿನಿಂದ ಬಂದ ಅನಿಲವನ್ನು ಮತ್ತೊಂದು ಕೋಣೆಯಲ್ಲಿ ಉರಿಸಿದ ನಂತರವೇ ಚಿಮಣಿಗೆ ಬಿಡುವುದು ಕ್ರಮ. ಉರಿದು ಮುಗಿದ ಹೊಗೆಯೆಂದರೆ ಉಂಡು ಮುಗಿಸಿದ ಎಲೆಯಿದ್ದಂತೆ. ಬ್ಯಾಕ್ಟೀರಿಯಾಗಳಿಗೆ ಅದರಲ್ಲಿ ಆಹಾರ ಉಳಿದಿರುವುದಿಲ್ಲ.

ಬ್ಯಾಕ್ಟೀರಿಯಾ ಮಾಡುವುದೇನು

ಇಂಗಾಲದ ಮಾನಾಕ್ಸೈಡ್ ನೀರಿನೊಡನೆ ಕೂಡಿದರೆ ಇಂಗಾಲದ ಡೈಆಕ್ಸೈಡ್ ಮತ್ತು ಜಲಜನಕ ದೊರೆಯುತ್ತವೆ. ರಸಗೊಬ್ಬರದ ಉದ್ಯಮವು ಈ ಕ್ರಿಯೆಯನ್ನು ದಶಕಗಳಿಂದ ಬಳಸುತ್ತಿದೆ. ಅಲ್ಲಿ ಕಬ್ಬಿಣ, ತಾಮ್ರ ಮೊದಲಾದ ಲೋಹಗಳ ವೇಗವರ್ಧಕಗಳ ಮೇಲೆ ಇನ್ನೂರರಿಂದ ನಾನೂರೈವತ್ತು ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅನಿಲವನ್ನು ಹಾಯಿಸಬೇಕು. ಇದೇ ಕ್ರಿಯೆಯನ್ನು ಕೆಲವು ಬ್ಯಾಕ್ಟೀರಿಯಾಗಳು ಕೆರೆಯ ನೀರಿನ ಉಷ್ಣತೆಯಲ್ಲಿಯೇ ನಡೆಸಬಲ್ಲವು.

1976ರಲ್ಲಿ ಉಫೆನ್ ಎಂಬ ಅಮೆರಿಕದ ವಿಜ್ಞಾನಿಯು ಒಂದು ಜಾತಿಯ ನೇರಳೆ ಬ್ಯಾಕ್ಟೀರಿಯಾ ಕತ್ತಲೆಯಲ್ಲಿ, ಆಮ್ಲಜನಕವಿಲ್ಲದೆ, ಇಂಗಾಲದ ಮಾನಾಕ್ಸೈಡನ್ನೇ ಉಂಡು ಬೆಳೆಯುವುದನ್ನು ಪ್ರಕಟಿಸಿದರು. ಅದರ ಇಂದಿನ ಹೆಸರು ರೂಬ್ರಿವಿವ್ಯಾಕ್ಸ್ ಜೆಲಾಟಿನೋಸಸ್. ಅಮೆರಿಕದ ಕೊಲರಾಡೋದಲ್ಲಿರುವ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯವು ಮುಂದೆ ಈ ಜಾತಿಯ ಒಂದು ತಳಿಯನ್ನು ಜಲಜನಕದ ಉತ್ಪಾದನೆಗಾಗಿ ದೀರ್ಘಕಾಲ ಅಭ್ಯಸಿಸಿತು. ರೋಡೋಸ್ಪೈರಿಲ್ಲಮ್ ರೂಬ್ರಮ್ ಎಂಬ ಇನ್ನೊಂದು ನೇರಳೆ ಬ್ಯಾಕ್ಟೀರಿಯಾಗೂ ಈ ಶಕ್ತಿಯಿದೆ. ಕುರಿಲ್ ದ್ವೀಪಗಳಲ್ಲಿ ಒಂದಾದ ಕುನಾಶಿರ್‌ನ ಬಿಸಿನೀರಿನ ಬುಗ್ಗೆಯಲ್ಲಿ ದೊರೆತ ಕಾರ್ಬಾಕ್ಸಿಡೋಥರ್ಮಸ್ ಹೈಡ್ರೋಜೆನೋಫಾರ್ಮನ್ಸ್ ಸುಮಾರು 70 ಡಿಗ್ರಿ ಉಷ್ಣತೆಯಲ್ಲಿ ಇದೇ ಕೆಲಸ ಮಾಡುತ್ತದೆ.

ಈ ಜೀವಿಗಳ ಒಳಗೆ ಎರಡು ಕಿಣ್ವಗಳು ಜೊತೆಯಾಗಿ ದುಡಿಯುತ್ತವೆ. ನಿಕ್ಕಲ್ ಮತ್ತು ಕಬ್ಬಿಣವನ್ನು ಒಡಲಲ್ಲಿ ಧರಿಸಿರುವ ಮೊದಲನೆಯ ಕಿಣ್ವವು ಮಾನಾಕ್ಸೈಡನ್ನು ನೀರಿನೊಡನೆ ಸೇರಿಸಿ ಡೈಆಕ್ಸೈಡಾಗಿ ಬದಲಿಸಿ ಇಲೆಕ್ಟ್ರಾನುಗಳನ್ನು ಬಿಡಿಸುತ್ತದೆ. ಎರಡನೆಯದು ಆ ಇಲೆಕ್ಟ್ರಾನುಗಳನ್ನು ಬಳಸಿ ಜಲಜನಕದ ಅನಿಲವನ್ನು ಕಟ್ಟುತ್ತದೆ. ಈ ದುಡಿಮೆಯಿಂದ ಬ್ಯಾಕ್ಟೀರಿಯಾಗೆ ದೊರೆಯುವ ಶಕ್ತಿ ಅತ್ಯಲ್ಪ. ಅದು ತನ್ನ ಬೆಳವಣಿಗೆಗೆ ಇಟ್ಟುಕೊಳ್ಳುವ ಪಾಲು ಕಡಿಮೆಯಾದುದರಿಂದಲೇ ಮನುಷ್ಯರಿಗೆ ಜಲಜನಕ ಹೆಚ್ಚಾಗಿ ಉಳಿಯುತ್ತದೆ.

ತೂಕದ ಲೆಕ್ಕ

ಯಾವ ಪ್ರಸ್ತಾವನೆಯನ್ನಾದರೂ ತೂಗಿ ನೋಡಲು ಒಂದು ಸರಳ ಲೆಕ್ಕ ಸಾಕು. 14 ಕೆ.ಜಿ. ಇಂಗಾಲದ ಮಾನಾಕ್ಸೈಡ್, 9 ಲೀಟರ್ ನೀರು ಸೇರಿದರೆ 1 ಕೆ.ಜಿ. ಜಲಜನಕ ಮತ್ತು 22 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತವೆ. ಬ್ಯಾಕ್ಟೀರಿಯಾ ಎಷ್ಟೇ ಚುರುಕಾಗಿದ್ದರೂ ಈ ಲೆಕ್ಕ ಬದಲಾಗದು.

ದಿನಕ್ಕೆ 100 ಕೆ.ಜಿ. ಜಲಜನಕ ನೀಡುವ ಘಟಕಕ್ಕೆ 1,400 ಕೆ.ಜಿ. ಮಾನಾಕ್ಸೈಡ್ ಬೇಕು. ಊದುಕುಲುಮೆಯ ಅನಿಲದಿಂದ ಅಷ್ಟನ್ನು ಪಡೆಯಲು, ಒಂದಿಷ್ಟೂ ಪೋಲಾಗದೆ ಬಳಕೆಯಾದರೂ, ದಿನಕ್ಕೆ ಸುಮಾರು 5,000 ಘನ ಮೀಟರ್ ಅನಿಲ ಹಾಯಬೇಕು. ಕ್ರಿಯೆಗಷ್ಟೇ 900 ಲೀಟರ್ ನೀರು ಖರ್ಚಾಗುತ್ತದೆ. ಬ್ಯಾಕ್ಟೀರಿಯಾಗಳನ್ನು ಸಾಕುವ ನೀರು, ತೊಳೆಯುವ ನೀರು, ತಂಪುಗೊಳಿಸುವ ನೀರು ಬೇರೆ. ಜೊತೆಗೆ 2,200 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಶಕ್ತಿಯ ಲೆಕ್ಕವೂ ತಿಳಿದಿರಲಿ. ಮಾನಾಕ್ಸೈಡ್ ಕೂಡ ಉರಿಯುವ ಅನಿಲವೇ. ಅದನ್ನು ಜಲಜನಕವಾಗಿ ಬದಲಿಸಿದರೆ ಶಾಖದಲ್ಲಿ ಲಾಭವಾಗುವುದಿಲ್ಲ. ಬಳಕೆಗೆ ದೊರೆಯುವ ಶಾಖ ಸ್ವಲ್ಪ ಕಡಿಮೆಯೇ ಆಗುತ್ತದೆ. ಲಾಭವಿರುವುದು ಗುಣದಲ್ಲಿ. ವಿಷಾನಿಲವೊಂದು ವಿಷವಲ್ಲದ ಅನಿಲವಾಗುತ್ತದೆ. ಅದನ್ನು ಶುದ್ಧಗೊಳಿಸಿ ಇಂಧನ ಕೋಶಗಳಲ್ಲಿ ವಿದ್ಯುತ್ತಿಗಾಗಿ ಬಳಸಬಹುದು, ಅಮೋನಿಯಾ ತಯಾರಿಸಬಹುದು. ರೈತರ ಮನೆಗೆ ಬರುವ 45 ಕೆ.ಜಿ. ಯೂರಿಯಾ ಚೀಲದ ಹಿಂದೆ ಸುಮಾರು ನಾಲ್ಕೂವರೆ ಕೆ.ಜಿ. ಜಲಜನಕ ಈಗಲೂ ಇದೆ. ಇಂದು ಅದರ ಬಹುಪಾಲು ನೈಸರ್ಗಿಕ ಅನಿಲದಿಂದ ಬರುತ್ತಿದೆ. ಜಲಜನಕವು ಗ್ರಾಮಕ್ಕೆ ಹೊಸ ಅತಿಥಿಯೇನೂ ಅಲ್ಲ.

ಕೆಲಸ ಎಲ್ಲಿಯವರೆಗೆ ಬಂದಿದೆ

ವಿಜ್ಞಾನ ಇಷ್ಟು ಸ್ಪಷ್ಟವಾಗಿದ್ದರೂ ಇಂತಹ ಘಟಕಗಳು ಎಲ್ಲೆಡೆ ಏಕೆ ಕಾಣುವುದಿಲ್ಲ ಎಂಬ ಪ್ರಶ್ನೆ ಸಹಜ. ಮುಖ್ಯ ಅಡ್ಡಿ ನೀರಿನಲ್ಲಿದೆ. ಬ್ಯಾಕ್ಟೀರಿಯಾ ಬದುಕುವುದು ನೀರಿನಲ್ಲಿ. ಅದರ ಆಹಾರವಾದ ಅನಿಲವು ನೀರಿನಲ್ಲಿ ಬಹಳ ಕಷ್ಟದಿಂದ ಕರಗುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಅಪ್ಪಟ ಮಾನಾಕ್ಸೈಡನ್ನು ಒಮ್ಮೆಗೆ 30 ಮಿಲಿಗ್ರಾಂನಷ್ಟೂ ಹಿಡಿಯಲಾರದು. ಅನಿಲವನ್ನು ಸಣ್ಣ ಸಣ್ಣ ಗುಳ್ಳೆಗಳಾಗಿ ಒಡೆದು ಎಡೆಬಿಡದೆ ಕಲಕುತ್ತಿರಬೇಕು, ಇಲ್ಲವೇ ಬ್ಯಾಕ್ಟೀರಿಯಾ ಅಂಟಿಕೊಂಡ ಹರಳುಗಳ ಮೇಲೆ ನೀರನ್ನು ತೊಟ್ಟಿಕ್ಕಿಸುತ್ತಿರಬೇಕು. ಇದಕ್ಕೆ ವಿದ್ಯುತ್ತು ಬೇಕು, ಹಣ ಬೇಕು. ಈ ಕಿಣ್ವಗಳಲ್ಲಿ ಹೆಚ್ಚಿನವು ಆಮ್ಲಜನಕ ತಾಕಿದರೆ ಕೆಡುವುದೂ, ಕುಲುಮೆಯ ಅನಿಲದಲ್ಲಿ ಧೂಳು, ಗಂಧಕದ ಸಂಯುಕ್ತಗಳು ಬೆರೆತಿರುವುದೂ ಉಳಿದ ತೊಡಕುಗಳು.

ಇವುಗಳನ್ನು ದಾಟುವ ಪ್ರಯತ್ನಗಳು ನಡೆದಿವೆ. ದಕ್ಷಿಣ ಕೊರಿಯದ ಸಮುದ್ರ ವಿಜ್ಞಾನ ಸಂಸ್ಥೆಯು ಪಪುವಾ ನ್ಯೂಗಿನಿಯ ಬಳಿ ಕಡಲ ತಳದ ಬಿಸಿನೀರಿನ ಬುಗ್ಗೆಯಿಂದ 2002ರಲ್ಲಿ ಥರ್ಮೋಕಾಕಸ್ ಆನ್ನೂರಿನಿಯಸ್ ಎಂಬ ಸೂಕ್ಷ್ಮಜೀವಿಯನ್ನು ತಂದಿತು. ಸೂಕ್ಷ್ಮವಾಗಿ ಹೇಳುವುದಾದರೆ ಇದು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಎಂಬ ಬೇರೆ ಗುಂಪಿಗೆ ಸೇರಿದ ಜೀವಿ. ಸುಮಾರು 80 ಡಿಗ್ರಿ ಉಷ್ಣತೆಯಲ್ಲಿ ಬೆಳೆಯುವ ಇದಕ್ಕೆ ಉಕ್ಕಿನ ಕಾರ್ಖಾನೆಯ ಅನಿಲವನ್ನೇ ಉಣಿಸಿ ಜಲಜನಕ ಪಡೆದ ಪ್ರಯೋಗಗಳು ಪ್ರಕಟವಾಗಿವೆ.

ತ್ಯಾಜ್ಯ ಅನಿಲವನ್ನು ಬ್ಯಾಕ್ಟೀರಿಯಾಗಳಿಂದ ವಾಣಿಜ್ಯ ಪ್ರಮಾಣದಲ್ಲಿ ಬದಲಿಸಿದ ದೃಷ್ಟಾಂತವೂ ಇದೆ. ಆದರೆ ಅಲ್ಲಿ ದೊರೆಯುವುದು ಜಲಜನಕವಲ್ಲ, ಎಥೆನಾಲ್. ಮೊಲದ ಹಿಕ್ಕೆಯಿಂದ ಪ್ರತ್ಯೇಕಿಸಿ 1994ರಲ್ಲಿ ವಿವರಿಸಲಾದ ಕ್ಲಾಸ್ಟ್ರಿಡಿಯಂ ಆಟೋಎಥನೋಜೆನಮ್ ಎಂಬ ಬ್ಯಾಕ್ಟೀರಿಯಾವನ್ನು ಲಾಂಝಾಟೆಕ್ ಕಂಪನಿಯು ಈ ಕೆಲಸಕ್ಕೆ ಪಳಗಿಸಿತು. ಚೀನಾದ ಹೆಬೆ ಪ್ರಾಂತ್ಯದ ಉಕ್ಕಿನ ಕಾರ್ಖಾನೆಯೊಂದರಲ್ಲಿ 2018ರಲ್ಲಿ ಘಟಕ ಆರಂಭವಾಯಿತು. ಇದೇ ತಂತ್ರಜ್ಞಾನವನ್ನು ಇಂಡಿಯನ್ ಆಯಿಲ್ ಸಂಸ್ಥೆಯು ಹರಿಯಾಣದ ಪಾಣಿಪತ್ ತೈಲ ಶುದ್ಧೀಕರಣಾಗಾರದ ಅನಿಲಕ್ಕೆ ಅಳವಡಿಸಿದೆ. ಎರಡೂ ಕಡೆ ಘಟಕ ನಿಂತಿರುವುದು ಅನಿಲ ಹುಟ್ಟುವ ಜಾಗದಲ್ಲಿಯೇ, ಕಾರ್ಖಾನೆಯ ಆವರಣದೊಳಗೇ. ವಿಷಾನಿಲವನ್ನು ಊರೂರಿಗೆ ಸಾಗಿಸಿ ಬದಲಿಸುವ ವಿಚಾರಕ್ಕೆ ಎಡೆಯೇ ಇಲ್ಲ.

ಊರಿನ ಕಸ ಮತ್ತು ಸಗಣಿಯ ದಾರಿ

ಹಸಿ ಕಸ, ಸಗಣಿ ಕೊಳೆತಾಗ ಇಂಗಾಲದ ಮಾನಾಕ್ಸೈಡ್ ಹೆಚ್ಚಾಗಿ ಹುಟ್ಟುವುದಿಲ್ಲ. ಹುಟ್ಟುವುದು ಮಿಥೇನ್ ಮತ್ತು ಇಂಗಾಲದ ಡೈಆಕ್ಸೈಡ್. ಆದರೂ ಜಲಜನಕದ ಕಥೆ ಅಲ್ಲಿಯೂ ಇದೆ. ಗೋಬರ್ ಅನಿಲದ ತೊಟ್ಟಿಯೊಳಗೆ ಒಂದು ಗುಂಪಿನ ಬ್ಯಾಕ್ಟೀರಿಯಾಗಳು ಸಗಣಿಯನ್ನು ಒಡೆಯುತ್ತಾ ಜಲಜನಕವನ್ನು ಬಿಡುತ್ತವೆ. ಇನ್ನೊಂದು ಗುಂಪಿನ ಸೂಕ್ಷ್ಮಜೀವಿಗಳು ಅದನ್ನು ಕೂಡಲೇ ಹೀರಿ ಮಿಥೇನ್ ಮಾಡುತ್ತವೆ. ಹಿತ್ತಲಿನ ಗೋಬರ್ ತೊಟ್ಟಿಯಲ್ಲಿ ಜಲಜನಕ ದಿನವೂ ಹುಟ್ಟಿ ದಿನವೂ ಕರಗುತ್ತಿದೆ. ಒಲೆಗೆ ಬರುವ ಹೊತ್ತಿಗೆ ಅದು ಮಿಥೇನಾಗಿರುತ್ತದೆ.

ಈ ಎರಡನೆಯ ಗುಂಪನ್ನು ತಡೆದು ಜಲಜನಕವನ್ನೇ ಹಿಡಿಯುವ ವಿಧಾನಕ್ಕೆ ಕತ್ತಲ ಹುದುಗುವಿಕೆ ಎಂದು ಹೆಸರು. ಆದರೆ ಅದರಲ್ಲಿ ಕಚ್ಚಾವಸ್ತುವಿನ ಶಕ್ತಿಯ ಬಹುಪಾಲು ಆಮ್ಲಗಳ ರೂಪದಲ್ಲಿ ದ್ರವದಲ್ಲಿಯೇ ಉಳಿದುಬಿಡುತ್ತದೆ. ಊರಿನ ಅಡುಗೆಗಾಗಲಿ, ಪಂಪಿಗಾಗಲಿ ಮಿಥೇನೇ ಸಾಕಾಗಿರುವಾಗ ಅದನ್ನು ಬಿಟ್ಟು ಜಲಜನಕದ ಬೆನ್ನು ಹತ್ತುವುದು ಸದ್ಯಕ್ಕೆ ಪಂಚಾಯಿತಿಗೆ ಹೊರೆ.

ಕೃಷಿ ತ್ಯಾಜ್ಯಕ್ಕೆ ಮತ್ತೊಂದು ದಾರಿಯಿದೆ. ಕಟ್ಟಿಗೆ, ತೆಂಗಿನ ಚಿಪ್ಪು, ಮೆಕ್ಕೆಜೋಳದ ದಿಂಡು ಮುಂತಾದವನ್ನು ಅನಿಲೀಕರಣ ಯಂತ್ರದಲ್ಲಿ ಅರೆಬರೆ ಉರಿಸಿದರೆ ಮಾನಾಕ್ಸೈಡ್ ಮತ್ತು ಜಲಜನಕ ಬೆರೆತ ಅನಿಲ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಇಂತಹ ಯಂತ್ರವನ್ನು 1988ರಲ್ಲಿಯೇ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ನಿಲ್ಲಿಸಿತ್ತು. ಅದೇ ಸಂಸ್ಥೆಯ ಪ್ರಾಧ್ಯಾಪಕ ಎಸ್. ದಾಸಪ್ಪ ಅವರ ತಂಡವು ಆಮ್ಲಜನಕ ಮತ್ತು ನೀರಾವಿ ಬಳಸಿ ಒಂದು ಕೆ.ಜಿ. ಜೀವರಾಶಿಯಿಂದ 100 ಗ್ರಾಂ ಜಲಜನಕ ಪಡೆದುದನ್ನು 2022ರಲ್ಲಿ ತಿಳಿಸಿತು. ಇದು ಶಾಖದ ವಿಧಾನವೇ ಹೊರತು ಬ್ಯಾಕ್ಟೀರಿಯಾದ ವಿಧಾನವಲ್ಲ. ಆದರೆ ಅನಿಲೀಕರಣದಿಂದ ಬಂದ ಮಾನಾಕ್ಸೈಡನ್ನು ಮುಂದೆ ಬ್ಯಾಕ್ಟೀರಿಯಾಗಳಿಗೆ ಉಣಿಸಲು ಸಾಧ್ಯ. ಗ್ರಾಮದ ಕೃಷಿ ತ್ಯಾಜ್ಯ ಈ ವಿಜ್ಞಾನದೊಡನೆ ಕೂಡುವ ಸಹಜವಾದ ಕವಲು ಇದು.

ಪ್ರಸ್ತಾವನೆ ಬಂದಾಗ ಕೇಳಬೇಕಾದ ಪ್ರಶ್ನೆಗಳು

ಇಂತಹ ಘಟಕಕ್ಕೆ ಜಾಗ ಅಥವಾ ನಿರಾಕ್ಷೇಪಣಾ ಪತ್ರ ಕೋರಿ ಅರ್ಜಿ ಬಂದಲ್ಲಿ ಸದಸ್ಯರು ಈ ಕೆಳಗಿನ ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಲಿಖಿತವಾಗಿ ಪಡೆದು, ಸಭೆಯ ನಡವಳಿಯಲ್ಲಿ ದಾಖಲಿಸುವುದು ಉಚಿತ.

1. ಅನಿಲ ಎಲ್ಲಿಂದ ಬರುತ್ತದೆ, ಅದರಲ್ಲಿ ಇಂಗಾಲದ ಮಾನಾಕ್ಸೈಡ್ ಶೇಕಡ ಎಷ್ಟು? ಉತ್ತರ ದೊರೆತ ಕೂಡಲೇ 14 ಕೆ.ಜಿ.ಗೆ 1 ಕೆ.ಜಿ. ಎಂಬ ಲೆಕ್ಕ ಹಾಕಬೇಕು. ಅದಕ್ಕೂ ಹೆಚ್ಚಿನ ಫಲ ತೋರಿಸುವ ಪ್ರಸ್ತಾವನೆಯಲ್ಲಿ ಏನೋ ಮರೆಯಾಗಿದೆ.

2. ಆ ಅನಿಲ ಈಗ ಏನಾಗುತ್ತಿದೆ? ವಿದ್ಯುತ್ ಉತ್ಪಾದನೆಗೆ ಬಳಕೆಯಾಗುತ್ತಿದ್ದರೆ ಅದು ತ್ಯಾಜ್ಯವಲ್ಲ. ಅದನ್ನು ತೆಗೆದುಕೊಂಡರೆ ಕಾರ್ಖಾನೆಯು ಬದಲಿಗೆ ಇನ್ನಷ್ಟು ಕಲ್ಲಿದ್ದಲು ಸುಡಬೇಕಾದೀತು. ಸುಮ್ಮನೆ ಉರಿಸಿ ಗಾಳಿಗೆ ಬಿಡುತ್ತಿದ್ದರೆ ಮಾತ್ರ ನಿಜವಾದ ಉಳಿತಾಯ.

3. ಇದು ಹಸಿರು ಜಲಜನಕವೇ? ಕೇಂದ್ರ ಸರ್ಕಾರವು 2023ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಮಾನದಂಡದಂತೆ 1 ಕೆ.ಜಿ. ಜಲಜನಕಕ್ಕೆ 2 ಕೆ.ಜಿ.ಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಸೂಸಬಾರದು. ನವೀಕರಿಸಬಹುದಾದ ವಿದ್ಯುತ್ತಿನಿಂದ ಅಥವಾ ಜೀವರಾಶಿಯಿಂದ ತಯಾರಾದುದಕ್ಕೆ ಆ ಹೆಸರು ಸಲ್ಲುತ್ತದೆ. ಕಲ್ಲಿದ್ದಲಿನಿಂದ ಹುಟ್ಟಿದ ಅನಿಲ ಈ ಸಾಲಿಗೆ ಸೇರದು. ಉಪಯುಕ್ತವಾಗಿರಬಹುದು, ಆದರೆ ಹಸಿರು ಎಂಬ ಹೆಸರಿನಲ್ಲಿ ರಿಯಾಯಿತಿ ಕೇಳಿದರೆ ವಿಚಾರಿಸಬೇಕು.

4. ನೀರು ಎಷ್ಟು, ಎಲ್ಲಿಂದ? ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಾಪನಾ ಸಮ್ಮತಿ ದೊರೆತಿದೆಯೇ?

5. ಸೋರಿಕೆಯಾದರೆ ಏನು ವ್ಯವಸ್ಥೆ? ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದನ್ನು ಪತ್ತೆಹಚ್ಚುವುದು ಉಪಕರಣ ಮಾತ್ರ. ಜಲಜನಕವು ಗಾಳಿಯಲ್ಲಿ ಶೇಕಡ 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿ ಬೆರೆತರೂ ಹೊತ್ತಿಕೊಳ್ಳಬಲ್ಲದು; ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಪತ್ತೆ ಉಪಕರಣಗಳು ಎಲ್ಲಿವೆ, ವಾಸದ ಮನೆಗಳಿಂದ ಹಾಗೂ ಶಾಲೆಯಿಂದ ಎಷ್ಟು ದೂರ, ಒತ್ತಡದಲ್ಲಿ ತುಂಬಿಡುವುದಾದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಪರವಾನಗಿ ಇದೆಯೇ, ತುರ್ತು ಯೋಜನೆಯ ಕನ್ನಡ ಪ್ರತಿ ಪಂಚಾಯಿತಿ ಕಚೇರಿಯಲ್ಲಿ ಇರುವುದೇ ಎಂಬುದನ್ನು ಕೇಳಬೇಕು.

6. ಸಹಾಯಧನ ಮುಗಿದ ಮೇಲೆ ನಡೆಸುವವರು ಯಾರು? ಘಟಕ ನಿಂತರೆ ಜಾಗ ಯಾರಿಗೆ ಮರಳುತ್ತದೆ?

ಇಂದೇ ಮಾಡಬಹುದಾದುದು

ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಗ್ರಾಮದ ಅನುಭವ ಇಲ್ಲಿ ಉಲ್ಲೇಖಾರ್ಹ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಅಲ್ಲಿ ಸಮುದಾಯ ಗೋಬರ್ ಅನಿಲ ಸ್ಥಾವರ ಕಟ್ಟಿತು. ಮನೆಮನೆಗೆ ಅಡುಗೆ ಅನಿಲ ಕೊಡುವುದು ಮೊದಲ ಉದ್ದೇಶವಾಗಿತ್ತು. ಊರಿನ ಸಗಣಿ ಅದಕ್ಕೆ ಸಾಲದಾಯಿತು, ಯೋಜನೆ ನಿಂತಿತು. ಬಳಿಕ ಜನರ ಮೊದಲ ಬೇಡಿಕೆ ಕುಡಿಯುವ ನೀರು ಎಂಬುದನ್ನು ಅರಿತು, ಅದೇ ಅನಿಲದಿಂದ ಎಂಜಿನ್ ಓಡಿಸಿ 1987ರಿಂದ ಕೊಳವೆಬಾವಿಯ ನೀರನ್ನು ನಲ್ಲಿಗಳಿಗೂ ವಿದ್ಯುತ್ತನ್ನು ಮನೆಗಳಿಗೂ ಕೊಡಲಾಯಿತು. ಸಗಣಿ ತಂದವರಿಗೆ ತೂಕಕ್ಕೆ ತಕ್ಕ ಹಣವೂ ಗೊಬ್ಬರವಾಗುವ ಸ್ಲರಿಯೂ ಮರಳಿದವು. ಮೊದಲ ಸಲ ಸೋತ ಯಂತ್ರವೇ ಎರಡನೆಯ ಸಲ ಗೆದ್ದಿತು. ಬದಲಾದುದು ಎರಡು: ಕಚ್ಚಾವಸ್ತುವಿನ ಸರಿಯಾದ ಲೆಕ್ಕ, ಜನರ ಅಗತ್ಯವನ್ನು ಕೇಳಿ ತಿಳಿದ ಕ್ರಮ.

ಪಂಚಾಯಿತಿಗಳು ಈಗಿನಿಂದಲೇ ಕೈಗೊಳ್ಳಬಹುದಾದ ಕೆಲಸಗಳಿವೆ. ಹಸಿ ಕಸವನ್ನು ಮನೆಯಲ್ಲಿಯೇ ಬೇರ್ಪಡಿಸುವ ಪದ್ಧತಿ ಗಟ್ಟಿಯಾಗಲಿ. ಕೆಟ್ಟು ನಿಂತ ಗೋಬರ್ ಅನಿಲ ಸ್ಥಾವರಗಳ ಪಟ್ಟಿ ಸಿದ್ಧವಾಗಲಿ. ಒಂದು ಕೆ.ಜಿ. ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ದೊರೆಯುತ್ತದೆಂಬ ಲೆಕ್ಕದಲ್ಲಿ ಊರಿನ ದನಗಳ ಎಣಿಕೆಯಾಗಲಿ. 2018ರಲ್ಲಿ ಆರಂಭವಾದ ಗೋಬರ್‌ಧನ್ ಯೋಜನೆಯ ನೆರವಿನ ಬಗ್ಗೆ ಜಿಲ್ಲಾ ಪಂಚಾಯಿತಿಯಲ್ಲಿ ವಿಚಾರಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಅನಿಲದ ತೊಟ್ಟಿಯನ್ನಾಗಲಿ ಮಲಗುಂಡಿಯನ್ನಾಗಲಿ ಸ್ವಚ್ಛಗೊಳಿಸಲು ಯಾರನ್ನೂ ಒಳಗೆ ಇಳಿಸಬಾರದು. ಅಲ್ಲಿ ತುಂಬಿರುವ ಜಲಜನಕದ ಸಲ್ಫೈಡ್ ಕ್ಷಣಮಾತ್ರದಲ್ಲಿ ಎಚ್ಚರ ತಪ್ಪಿಸುತ್ತದೆ. ಕಾಪಾಡಲು ಇಳಿದವರೂ ಮರಳಲಾರರು. ಮಲಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು ತಡೆಯಲು 2013ರ ಕಾಯಿದೆಯೇ ಇದೆ.

ಕುಲುಮೆಯ ವಿಷಾನಿಲವನ್ನು ಇಂಧನವಾಗಿಸುವ ಬ್ಯಾಕ್ಟೀರಿಯಾಗಳ ಕೆಲಸ ಪ್ರಯೋಗಾಲಯದಿಂದ ಕಾರ್ಖಾನೆಯ ಅಂಗಳಕ್ಕೆ ಕಾಲಿಡುತ್ತಿದೆ. ಅದು ಪಕ್ವವಾಗಿ ಬಂದ ದಿನ ಗ್ರಾಮಗಳು ಅದನ್ನು ಸ್ವಾಗತಿಸಲು ಹಿಂಜರಿಯಬೇಕಾಗಿಲ್ಲ. ಆ ದಿನ ಅರ್ಜಿ ಕೈಗೆ ಬಂದಾಗ ಲೆಕ್ಕ ಕೇಳಬಲ್ಲ ಸದಸ್ಯರು ಸಭೆಯಲ್ಲಿರಬೇಕು. ಮೇಲಿನ ಆರು ಪ್ರಶ್ನೆಗಳನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ ಚರ್ಚಿಸಿ, ಗ್ರಾಮಸಭೆಯ ಗಮನಕ್ಕೂ ತರಬೇಕೆಂದು ಕೋರಲಾಗಿದೆ.